ಬರದಿದ್ದರೆ ಯಾರು ಕೇಳ್ತಾರೆ? ಹಿರಿಯರ ಕಲಿಕೆ, ಒಡನಾಟದ ದಾರಿಗಳಲ್ಲಿ ಯಾವುದನ್ನು ಆರಿಸುವುದು

ಅರವತ್ತಕ್ಕೆ ಅರಳು ಮರಳು ಅನ್ನುವ ಮಾತು ಹುಟ್ಟಿದ ಕಾಲದಲ್ಲಿ ಅರವತ್ತು ದಾಟುವವರೇ ಕಡಿಮೆ. ಈಗ ಅರವತ್ತರ ಆಚೆ ಇನ್ನೂ ಇಪ್ಪತ್ತು ವರ್ಷ ಕಾದು ಕೂತಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2030ರ ಹೊತ್ತಿಗೆ ಜಗತ್ತಿನ ಪ್ರತಿ 6 ಜನರಲ್ಲಿ ಒಬ್ಬರು 60 ದಾಟಿದವರು. 2050ಕ್ಕೆ ಅಂಥವರ ಸಂಖ್ಯೆ 210 ಕೋಟಿ. ಇವರಿಗಾಗಿ ಕೇಂದ್ರ, ತರಗತಿ, ಆನ್‌ಲೈನ್ ಕೋರ್ಸ್, ನೆರೆಹೊರೆಯ ಬಳಗ ಅಂತ ದಾರಿಗಳು ಹೆಚ್ಚುತ್ತಲೇ ಇವೆ. ಹಾಗಾಗಿ ಪ್ರಶ್ನೆಯೂ ಬದಲಾಗಿದೆ. ಮೊದಲು "ನಮಗೇನಾದರೂ ಇದೆಯಾ?" ಎಂದು ಕೇಳುತ್ತಿದ್ದರು. ಈಗ "ಇಷ್ಟರಲ್ಲಿ ಯಾವುದಕ್ಕೆ ಸೇರಲಿ?" ಎಂದು ಕೆಲವರು, "ಅಪ್ಪನನ್ನು ಯಾವುದಕ್ಕೆ ಸೇರಿಸಲಿ?" ಎಂದು ಇನ್ನು ಕೆಲವರು ಕೇಳುತ್ತಾರೆ.

ಎರಡನೆಯ ಗುಂಪಿನವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಅಪ್ಪನನ್ನು ಶಾಲೆಗೆ ಸೇರಿಸಿದ ಹಾಗೆ ಸೇರಿಸಿದರೆ ನಿಮ್ಮ ಮರ್ಯಾದೆಗೆ ಅಂತ ಎರಡು ವಾರ ಹೋಗುತ್ತಾರೆ. ಮೂರನೆಯ ವಾರ ಮಂಡಿ ನೋವು ಶುರುವಾಗುತ್ತದೆ.

ನಮ್ಮ ಸೋದರಮಾವನ ಕಥೆಯೂ ಹೆಚ್ಚುಕಡಿಮೆ ಹೀಗೇ ಆಯಿತು. ನಿವೃತ್ತರಿಗಾಗಿ ನಡೆಯುತ್ತಿದ್ದ ಇತಿಹಾಸದ ತರಗತಿಯೊಂದಕ್ಕೆ ಅವರನ್ನು ಸೇರಿಸಿದ್ದು ನಾನೇ. ಒಳ್ಳೆಯ ಮೇಷ್ಟ್ರು, ಒಳ್ಳೆಯ ವಿಷಯ. ಪ್ರತಿ ಸಲ ಕೇಳಿದಾಗಲೂ "ಚೆನ್ನಾಗಿತ್ತು" ಅನ್ನುತ್ತಿದ್ದರು. ಒಂದು ತಿಂಗಳಾದ ಮೇಲೆ ಹೋಗುವುದನ್ನು ನಿಲ್ಲಿಸಿದರು. ಆಮೇಲೆ ಅವರ ನೋಟ್‌ಬುಕ್ ಕಣ್ಣಿಗೆ ಬಿತ್ತು. ಮುತ್ತಿನಂಥ ಅಕ್ಷರ, ಆದರೆ ಸಾಲುಗಳು ಅಲ್ಲಲ್ಲಿ ಅರ್ಧಕ್ಕೇ ನಿಂತಿದ್ದವು. ವಿಚಾರಿಸಿದರೆ, ಮೇಷ್ಟ್ರು ಬೋರ್ಡಿನ ಕಡೆ ತಿರುಗಿದಾಗಲೆಲ್ಲ ಇವರಿಗೆ ಮಾತು ತಪ್ಪುತ್ತಿತ್ತಂತೆ. ತುಟಿ ನೋಡಿಕೊಂಡು ಕೇಳಿಸಿಕೊಳ್ಳುತ್ತಿದ್ದಾರೆ ಅನ್ನುವುದು ಅವರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಅದಕ್ಕಿಂತ ನನ್ನನ್ನು ಕಾಡಿದ್ದು ಬೇರೆ. ಅವರು ಬಿಟ್ಟು ಮೂರು ವಾರವಾಗಿದ್ದರೂ ಅಲ್ಲಿಂದ ಒಂದು ಫೋನ್ ಕೂಡ ಬಂದಿರಲಿಲ್ಲ.

ಅಂದಿನಿಂದ ನನ್ನ ಅಳತೆ ಬದಲಾಯಿತು.

ಅಳೆಯುವುದು ಹೇಗೆ

ವಿಷಯ ಯಾವುದು, ಯಾರು ಕಲಿಸುತ್ತಾರೆ, ಶುಲ್ಕ ಎಷ್ಟು ಅನ್ನುವುದನ್ನು ಎಲ್ಲರೂ ನೋಡುತ್ತಾರೆ. ಅದಕ್ಕೂ ಮೊದಲು ಇನ್ನು ಕೆಲವನ್ನು ನೋಡಿ.

ಮನೆಯ ಬಾಗಿಲಿನಿಂದ ಅಲ್ಲಿಯ ಕುರ್ಚಿಯವರೆಗಿನ ದಾರಿ ಮೊದಲನೆಯದು. ಎಷ್ಟು ಮೆಟ್ಟಿಲು, ಎಲ್ಲಿ ಇಳಿಯಬೇಕು, ಕತ್ತಲಾದ ಮೇಲೆ ವಾಪಸ್ ಬರುವುದು ಹೇಗೆ, ಶೌಚಾಲಯ ಎಷ್ಟು ಹತ್ತಿರ. ಕೇಳಲು ಸಂಕೋಚ ಅನ್ನಿಸಬಹುದು, ಆದರೆ ಬಿಡುವವರಲ್ಲಿ ಎಷ್ಟೋ ಜನ ಬಿಡುವುದು ಇಂಥ ಕಾರಣಕ್ಕೇ. ಹಿರಿಯ ಸ್ನೇಹಿ ನಗರ ಹೇಗಿರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಒಂದು ಮಾರ್ಗಸೂಚಿ ತಂದಿತು. ಅದರ 8 ವಿಭಾಗಗಳಲ್ಲಿ ಆರೋಗ್ಯ ಸೇವೆಗೆ ಇರುವಂತೆಯೇ ಸಾರಿಗೆಗೂ ಒಂದು ಜಾಗ ಇದೆ. ಸುಮ್ನೆ ಇಟ್ಟಿದ್ದಲ್ಲ.

ಎರಡನೆಯದು ಕಿವಿ, ಕಣ್ಣು. 60 ದಾಟಿದವರಲ್ಲಿ ಕಾಲುಭಾಗಕ್ಕಿಂತ ಜಾಸ್ತಿ ಜನರಿಗೆ ತೊಂದರೆ ಕೊಡುವಷ್ಟು ಕಿವುಡು ಇರುತ್ತದೆ. ಮೈಕ್ ಇದೆಯಾ? ಫ್ಯಾನಿನ ಸದ್ದು ಎಷ್ಟು? ಕೆಲವು ಸಭಾಂಗಣಗಳಲ್ಲಿ ಹಿಯರಿಂಗ್ ಲೂಪ್ ಇರುತ್ತದೆ. ಕೋಣೆಯ ಸುತ್ತ ಹಾಸಿದ ತಂತಿಯಿಂದ ಮೈಕಿನ ದನಿ ನೇರವಾಗಿ ಕಿವಿಯ ಮಿಷಿನ್ನಿಗೇ ಬರುತ್ತದೆ. ಇದು ಇರುವ ಜಾಗ ಸಿಕ್ಕಿದರೆ ನಿಮ್ಮ ಅದೃಷ್ಟ, ಆದರೆ ನಿಮ್ಮ ಮಿಷಿನ್ನಿನಲ್ಲಿ ಆ ದನಿಯನ್ನು ಹಿಡಿಯುವ ಟೆಲಿಕಾಯಿಲ್ ಎಂಬ ಪುಟ್ಟ ಸುರುಳಿ ಇರಬೇಕು. ಕೊಳ್ಳುವಾಗಲೇ ಕೇಳಿ.

ಮೂರನೆಯದು, ಅಲ್ಲಿ ನೀವು ಬರೀ ಕೇಳುವವರೋ, ಏನಾದರೂ ಮಾಡುವವರೋ? ಇದಕ್ಕೆ ಮುಂದೆ ಬರುತ್ತೇನೆ.

ನಾಲ್ಕನೆಯದು, ಐದು ವರ್ಷದ ಆಚೆಯ ಲೆಕ್ಕ. ಇವತ್ತು ಗಾಡಿ ಓಡಿಸುತ್ತೀರಿ, ನಾಳೆ ಓಡಿಸಲಾಗದಿದ್ದರೂ ಈ ಬಳಗ ನಿಮ್ಮ ಕೈಗೆ ಸಿಗುತ್ತದಾ?

ಕೊನೆಯದು ನಮ್ಮ ಮಾವ ಕಲಿಸಿದ್ದು. ಒಂದು ದಿನ ಬರದಿದ್ದರೆ ಯಾರಾದರೂ ಕೇಳುತ್ತಾರಾ? ಉಳಿದ ಎಲ್ಲದಕ್ಕಿಂತ ಇದಕ್ಕೆ ನಾನು ತೂಕ ಜಾಸ್ತಿ ಕೊಡುತ್ತೇನೆ. ನೀವು ಒಪ್ಪಬೇಕೆಂದಿಲ್ಲ, ಆದರೆ ಮುಂದೆ ಓದುವಾಗ ನನ್ನ ತಕ್ಕಡಿ ಯಾವ ಕಡೆ ವಾಲಿದೆ ಅನ್ನುವುದು ನಿಮಗೆ ಗೊತ್ತಿರಲಿ.

ಹಿರಿಯರ ಕೇಂದ್ರ

ಬೆಳಗ್ಗೆ ಹೋಗಿ ಮಧ್ಯಾಹ್ನ ಅಥವಾ ಸಂಜೆ ಬರುವ ಜಾಗ. ವ್ಯಾಯಾಮ, ಆಟ, ಊಟ, ಆರೋಗ್ಯ ತಪಾಸಣೆ, ಅರ್ಜಿ ತುಂಬಲು ಸಹಾಯ, ಎಲ್ಲ ಒಂದೇ ಸೂರಿನಡಿ. ಅಮೆರಿಕದಲ್ಲಿ ಇಂಥ ಮೊದಲ ಕೇಂದ್ರ ಎಂದು ಹೆಸರಾದದ್ದು 1943ರಲ್ಲಿ ನ್ಯೂಯಾರ್ಕಿನಲ್ಲಿ ತೆರೆದ ವಿಲಿಯಂ ಹಾಡ್ಸನ್ ಕೇಂದ್ರ. ಅದು ಹುಟ್ಟಿದ್ದು ಹೇಗೆ ಅಂದರೆ, ನೆರವಿನ ಕಚೇರಿಗೆ ಬರುವ ವಯಸ್ಸಾದವರು ಕೆಲಸ ಇಲ್ಲದಿದ್ದರೂ ಏನಾದರೂ ನೆಪ ಮಾಡಿಕೊಂಡು ಮತ್ತೆ ಮತ್ತೆ ಬರುತ್ತಿರುವುದನ್ನು ಅಲ್ಲಿಯ ಸಿಬ್ಬಂದಿ ಗಮನಿಸಿದರು. ಅವರಿಗೆ ಬೇಕಾಗಿದ್ದದ್ದು ಮಾತಿಗೆ ಒಬ್ಬರು.

ಇವತ್ತಿಗೂ ಕೇಂದ್ರದ ಬಲ ಅದೇ. ಸಿಬ್ಬಂದಿ ಇರುತ್ತಾರೆ, ಹಾಜರಿ ಇರುತ್ತದೆ, ಬರದಿದ್ದರೆ ಗೊತ್ತಾಗುತ್ತದೆ. ಎಷ್ಟೋ ಕಡೆ ಸರ್ಕಾರವೋ ಸಂಘವೋ ನಡೆಸುವುದರಿಂದ ಖರ್ಚು ಕಡಿಮೆ, ಕೆಲವು ಕಡೆ ವಾಹನವೂ ಬರುತ್ತದೆ. ಆರೋಗ್ಯ ಸ್ವಲ್ಪ ಕುಗ್ಗಿದವರಿಗೆ, ಹಗಲು ಮನೆಯಲ್ಲಿ ಒಬ್ಬರೇ ಇರುವವರಿಗೆ ಇದು ಮೊದಲ ಆಯ್ಕೆ.

ತೊಂದರೆ ಏನೆಂದರೆ, ಈಗಷ್ಟೇ ನಿವೃತ್ತರಾದವರು ಒಳಗೆ ಕಾಲಿಟ್ಟ ಕೂಡಲೇ "ನಾನು ಇನ್ನೂ ಇಷ್ಟು ವಯಸ್ಸಾದವನಲ್ಲ" ಅನ್ನುತ್ತಾರೆ. ಎಂಬತ್ತರವರೂ ಇದನ್ನೇ ಹೇಳುವುದನ್ನು ಕೇಳಿದ್ದೇನೆ! ಅದು ಅಹಂಕಾರ ಅಂತ ತಳ್ಳಿಹಾಕಬೇಡಿ. ದಿನವಿಡೀ ಬೇರೆಯವರು ಹಾಕಿಕೊಟ್ಟ ಕಾರ್ಯಕ್ರಮಕ್ಕೆ ಚಪ್ಪಾಳೆ ತಟ್ಟುವುದು ಎಲ್ಲರಿಗೂ ಹಿಡಿಸುವುದಿಲ್ಲ.

ವಿಶ್ವವಿದ್ಯಾಲಯದ ತರಗತಿ, ತಾವೇ ನಡೆಸುವ ಬಳಗ

ಈ ಎರಡನ್ನು ಒಟ್ಟಿಗೆ ನೋಡಬೇಕು. ಹೆಸರು ಒಂದೇ, ಸ್ವಭಾವ ಬೇರೆ.

1973ರಲ್ಲಿ ಫ್ರಾನ್ಸಿನ ತುಲೂಸ್‌ನಲ್ಲಿ ಪಿಯೆರ್ ವೆಲ್ಲಾಸ್ ಎಂಬ ಪ್ರಾಧ್ಯಾಪಕರು ನಿವೃತ್ತರಿಗಾಗಿ ವಿಶ್ವವಿದ್ಯಾಲಯದ ಬಾಗಿಲು ತೆರೆದರು. ಪ್ರವೇಶ ಪರೀಕ್ಷೆ ಇಲ್ಲ, ಮೊದಲಿನ ಪದವಿ ಕೇಳುವುದಿಲ್ಲ. ಪಾಠ ಮಾಡುವವರು ಮಾತ್ರ ಅಲ್ಲಿಯ ಪ್ರಾಧ್ಯಾಪಕರೇ. ಇದಕ್ಕೆ 'ಮೂರನೇ ವಯಸ್ಸಿನ ವಿಶ್ವವಿದ್ಯಾಲಯ' ಎಂದು ಹೆಸರಾಯಿತು. ಓದು, ದುಡಿಮೆ ಮುಗಿದ ಮೇಲೆ ಬರುವ, ಕೈಕಾಲು ಗಟ್ಟಿಯಿರುವ ಕಾಲವೇ ಮೂರನೇ ವಯಸ್ಸು.

ಈ ಯೋಚನೆ 1981ರಲ್ಲಿ ಬ್ರಿಟನ್ನಿನ ಕೇಂಬ್ರಿಡ್ಜ್‌ಗೆ ಬಂದಾಗ ತಲೆಕೆಳಗಾಯಿತು. ಪೀಟರ್ ಲ್ಯಾಸ್ಲೆಟ್, ಮೈಕಲ್ ಯಂಗ್, ಎರಿಕ್ ಮಿಡ್‌ವಿಂಟರ್ ಅವರು ಇದನ್ನು ಬೇರೆಯೇ ರೀತಿ ಕಟ್ಟಿದರು. ಪ್ರಾಧ್ಯಾಪಕರು ಯಾಕೆ ಬೇಕು? ನಿವೃತ್ತರಲ್ಲೇ ಎಂಜಿನಿಯರು, ನರ್ಸು, ತೋಟಗಾರ, ಬ್ಯಾಂಕಿನವರು ಎಲ್ಲ ಇದ್ದಾರಲ್ಲ. ಗೊತ್ತಿರುವವರು ಕಲಿಸಲಿ, ಅವರೇ ನಾಳೆ ಪಕ್ಕದ ಕೋಣೆಯಲ್ಲಿ ಕಲಿಯಲಿ. ಪರೀಕ್ಷೆ ಇಲ್ಲ, ಸರ್ಟಿಫಿಕೇಟ್ ಇಲ್ಲ. ಎಷ್ಟೋ ಗುಂಪುಗಳು ಸೇರುವುದು ಸದಸ್ಯರ ಮನೆಯ ಹಾಲ್‌ನಲ್ಲೇ. ಇವತ್ತು ಬ್ರಿಟನ್ ಒಂದರಲ್ಲೇ ಇಂಥ 1000ಕ್ಕಿಂತ ಹೆಚ್ಚು ಸ್ಥಳೀಯ ಬಳಗಗಳಿವೆ. ಚೀನಾ ಬೇರೆ ದಾರಿ ಹಿಡಿಯಿತು. 1983ರಲ್ಲಿ ಶಾಂಡಾಂಗ್ ಪ್ರಾಂತ್ಯದಲ್ಲಿ ಹಿರಿಯರಿಗಾಗಿಯೇ ಒಂದು ವಿಶ್ವವಿದ್ಯಾಲಯ ಶುರುವಾಗಿ, ಅದೇ ಮಾದರಿ ದೇಶದ ತುಂಬ ಹಬ್ಬಿತು.

ಹಾಗಾದರೆ ಯಾವುದು? ಚಿಕ್ಕಂದಿನಲ್ಲಿ ಓದುವ ಆಸೆಯಿದ್ದೂ ಓದಲಾಗದವರಿಗೆ ತುಲೂಸ್ ಮಾದರಿಯಲ್ಲಿ ಸಿಗುವ ತೃಪ್ತಿ ಬೇರೆ ಕಡೆ ಸಿಗುವುದಿಲ್ಲ. ಕಾಲೇಜಿನ ಬೆಂಚು, ಲೈಬ್ರರಿ ಕಾರ್ಡು, ವಿಷಯ ಬಲ್ಲ ಮೇಷ್ಟ್ರು. ಇವುಗಳ ಬೆಲೆ ಕಡಿಮೆಯೇನಲ್ಲ. ಆದರೆ ಅಲ್ಲಿ ನೀವು ಕೇಳುವವರು. ನೂರು ಜನರ ಸಾಲಿನಲ್ಲಿ ಒಬ್ಬರು ಕಡಿಮೆಯಾದರೆ ಗೊತ್ತಾಗುವುದಿಲ್ಲ. ನಮ್ಮ ಮಾವನಿಗೆ ಆದದ್ದು ಅದೇ. ಶುಲ್ಕವೂ ಸಾಮಾನ್ಯವಾಗಿ ಬಳಗಕ್ಕಿಂತ ಜಾಸ್ತಿ. ಒಂದು ವಾರ ಕ್ಯಾಂಪಸ್ಸಿನಲ್ಲೇ ಉಳಿದು ಓದುವ ಕೋರ್ಸ್‌ಗಳೂ ಇವೆ. ಅಮೆರಿಕದಲ್ಲಿ 1975ರಲ್ಲಿ ಎಲ್ಡರ್‌ಹಾಸ್ಟೆಲ್ ಎಂಬ ಹೆಸರಿನಲ್ಲಿ ಕಾಲೇಜು ಹಾಸ್ಟೆಲ್‌ಗಳಲ್ಲಿ ಶುರುವಾದ ಕಾರ್ಯಕ್ರಮ ಈಗ ರೋಡ್ ಸ್ಕಾಲರ್ ಆಗಿ ಪ್ರವಾಸದ ರೂಪಕ್ಕೆ ತಿರುಗಿದೆ. ಖರ್ಚು ಮಾಡಬಲ್ಲವರಿಗೆ ಚೆನ್ನ. ವರ್ಷದ ಉಳಿದ 51 ವಾರಕ್ಕೆ ಬೇರೆ ದಾರಿ ನೋಡಿಕೊಳ್ಳಬೇಕು, ಅಷ್ಟೇ.

ತಾವೇ ನಡೆಸುವ ಬಳಗದಲ್ಲಿ ಹಣ ಕಡಿಮೆ, ಒಡನಾಟ ಜಾಸ್ತಿ. ಗುಂಪು ಚಿಕ್ಕದು, ಕುರ್ಚಿ ಖಾಲಿಯಿದ್ದರೆ ಎದ್ದು ಕಾಣುತ್ತದೆ. ಬೆಲೆ ತೆರಬೇಕಾಗುವುದು ಬೇರೆ ಕಡೆ. ಪಟ್ಟಿ ಮಾಡುವವರು, ಲೆಕ್ಕ ಇಡುವವರು, ಕೋಣೆಯ ಬೀಗ ತೆಗೆಯುವವರು ಎಲ್ಲ ಸದಸ್ಯರೇ. ಸಾಮಾನ್ಯವಾಗಿ ಇದೆಲ್ಲ ಇಬ್ಬರು ಮೂವರ ಹೆಗಲಿಗೆ ಬೀಳುತ್ತದೆ. ಅವರಿಗೆ ಎಂಬತ್ತಾದಾಗ ಬಳಗವೂ ಸುಸ್ತಾಗುತ್ತದೆ. ಸೇರುವ ಮೊದಲು "ಕಾರ್ಯದರ್ಶಿ ಎಷ್ಟು ವರ್ಷದಿಂದ ಇದ್ದಾರೆ?" ಎಂದು ಕೇಳಿ. ಹದಿನೈದು ವರ್ಷದಿಂದ ಒಬ್ಬರೇ ಅಂದರೆ ಅದು ಹೆಮ್ಮೆಯ ವಿಷಯವಲ್ಲ, ಎಚ್ಚರಿಕೆಯ ಗಂಟೆ. ಇನ್ನೊಂದು ಮಾತು: ಕಲಿಸುವವರ ಗುಣಮಟ್ಟ ಏರುಪೇರು. ಒಂದು ವಾರ ಅದ್ಭುತ, ಮುಂದಿನ ವಾರ ಒಬ್ಬರ ಪ್ರವಾಸದ ಫೋಟೊ ನೋಡುತ್ತಾ ಎರಡು ಗಂಟೆ.

ಆನ್‌ಲೈನ್

ಭವಿಷ್ಯ ಪೂರ್ತಿ ಇದರಲ್ಲೇ ಇದೆ ಅನ್ನುವವರಿದ್ದಾರೆ. ನಾನು ಅರ್ಧ ಒಪ್ಪುತ್ತೇನೆ. ಕಾಲು ಕಟ್ಟಿಹಾಕಿದ ಹಾಗೆ ಮನೆಯಲ್ಲೇ ಇರಬೇಕಾದವರಿಗೆ, ಹಳ್ಳಿಗಾಡಿನಲ್ಲಿರುವವರಿಗೆ, ಹಾಸಿಗೆ ಹಿಡಿದ ಸಂಗಾತಿಯನ್ನು ಬಿಟ್ಟು ಹೊರಡಲಾಗದವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಕಿವಿ ಮಂದ ಇರುವವರಿಗೂ ಒಂದು ಲೆಕ್ಕದಲ್ಲಿ ಇದೇ ಮೇಲು. ಸದ್ದು ಏರಿಸಬಹುದು, ಮಾತು ಅಕ್ಷರದಲ್ಲಿ ಮೂಡುವಂತೆ ಮಾಡಬಹುದು, ಎಲ್ಲರ ಮುಖವೂ ಎದುರಿಗೇ ಇರುತ್ತದೆ. ಬೋರ್ಡಿಗೆ ತಿರುಗುವ ಮೇಷ್ಟ್ರು ಇಲ್ಲ.

ಆದರೆ ಆನ್‌ಲೈನ್ ಅಂದರೆ ಎರಡು ಬೇರೆ ಬೇರೆ ವಸ್ತು. ರೆಕಾರ್ಡ್ ಮಾಡಿಟ್ಟ ಪಾಠ ಒಂದು, ಗೊತ್ತಾದ ಹೊತ್ತಿಗೆ ಎಲ್ಲರೂ ಸೇರುವ ತರಗತಿ ಇನ್ನೊಂದು. 2012ರಿಂದ ದೊಡ್ಡ ವಿಶ್ವವಿದ್ಯಾಲಯಗಳ ಪಾಠಗಳು ಕೋರ್ಸೆರಾ, ಎಡ್‌ಎಕ್ಸ್‌ನಂಥ ತಾಣಗಳಲ್ಲಿ ಬಂದವು. ಹಲವು ಪಾಠಗಳನ್ನು ಪುಕ್ಕಟೆಯಾಗಿ ನೋಡಬಹುದು. ಸೇರುವವರು ಲಕ್ಷಗಟ್ಟಲೆ, ಮುಗಿಸುವವರು ಬೆರಳೆಣಿಕೆ. ಯಾವ ವಯಸ್ಸಿನವರಾದರೂ ಅಷ್ಟೇ. ರೆಕಾರ್ಡ್ ಪಾಠಕ್ಕೆ ನೀವು ಬಂದರೂ ಒಂದೇ, ಬರದಿದ್ದರೂ ಒಂದೇ ಅಲ್ವಾ. ಹಾಗಾಗಿ ಆಯ್ಕೆ ಇದ್ದರೆ ಹತ್ತು ಹನ್ನೆರಡು ಜನರ ನೇರ ತರಗತಿಯನ್ನೇ ಹಿಡಿಯಿರಿ.

ಖರ್ಚಿನ ಲೆಕ್ಕದಲ್ಲಿ ಶುಲ್ಕ ಮಾತ್ರ ಬರೆದುಕೊಳ್ಳಬೇಡಿ. ಪರದೆ ದೊಡ್ಡದಿರುವ ಟ್ಯಾಬ್, ಇಂಟರ್‌ನೆಟ್, ಎಲ್ಲಕ್ಕಿಂತ ಮುಖ್ಯವಾಗಿ ಪಕ್ಕದಲ್ಲಿ ಕೂರುವ ಒಬ್ಬರ ಸಮಯ. ನಮ್ಮ ದೊಡ್ಡಮ್ಮ ಮೊದಲ ದಿನ ಟ್ಯಾಬಿನ ಬಟನ್ ಒತ್ತಿ ಒತ್ತಿ ಸಾಕಾಗಿ, "ಇದು ನನ್ನ ಮಾತು ಕೇಳಲ್ಲ ಕಣೋ" ಅಂತ ಕೆಳಗಿಟ್ಟುಬಿಟ್ಟರು. ನಾನು ಮುಟ್ಟಿದರೆ ಕೆಲಸ ಮಾಡುತ್ತಿತ್ತು. ಕಾರಣ ಆಮೇಲೆ ಗೊತ್ತಾಯಿತು. ವಯಸ್ಸಾದಂತೆ ಬೆರಳ ತುದಿ ಒಣಗುತ್ತದೆ, ಒಣ ಬೆರಳನ್ನು ಪರದೆ ಸರಿಯಾಗಿ ಗುರುತಿಸುವುದಿಲ್ಲ. ಟಚ್‌ಗೆ ಬಳಸುವ ರಬ್ಬರ್ ತುದಿಯ ಕಡ್ಡಿ ತಂದುಕೊಟ್ಟ ಮೇಲೆ ಸರಿಹೋಯಿತು. ಅಷ್ಟು ಹೊತ್ತಿಗೆ "ನನಗೆ ಬರಲ್ಲ" ಅನ್ನುವುದು ಅವರ ತಲೆಯಲ್ಲಿ ಕೂತಾಗಿತ್ತು. ಅದನ್ನು ಇಳಿಸಲು ಎರಡು ತಿಂಗಳು ಬೇಕಾಯಿತು.

ಕೆಲಸ ಮಾಡುತ್ತಾ ಕಲಿಯುವ ಜಾಗ

ಮೇಲೆ ಬಾಕಿ ಇಟ್ಟಿದ್ದ ಮಾತು ಇಲ್ಲಿ ಬರುತ್ತದೆ. ಡಲ್ಲಾಸ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದ ಡೆನಿಸ್ ಪಾರ್ಕ್ ಮತ್ತು ಸಂಗಡಿಗರು 60ರಿಂದ 90 ವಯಸ್ಸಿನವರ ಮೇಲೆ ನಡೆಸಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಕೆಲವರಿಗೆ ಡಿಜಿಟಲ್ ಫೋಟೊಗ್ರಫಿ ಕಲಿಸಿದರು, ಕೆಲವರಿಗೆ ಕೌದಿಯಂಥ ಹೊಲಿಗೆ, ಕೆಲವರಿಗೆ ಎರಡನ್ನೂ. ಇನ್ನೊಂದು ಗುಂಪಿನವರು ಸೇರಿ ಹರಟೆ, ಆಟ, ಸುತ್ತಾಟ ಅಂತ ಕಾಲ ಕಳೆದರು. ವಾರಕ್ಕೆ ಸುಮಾರು 15 ಗಂಟೆಯಂತೆ ಮೂರು ತಿಂಗಳು. ಕೊನೆಗೆ ಜ್ಞಾಪಕಶಕ್ತಿ ಸುಧಾರಿಸಿದ್ದು ಹೊಸದನ್ನು ಕಷ್ಟಪಟ್ಟು ಕಲಿತವರಲ್ಲಿ.

ಹಾಗಂತ ಹರಟೆ ಬೇಡ ಅಂತಲ್ಲ. ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆಯ ಬಗ್ಗೆ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗದ 2024ರ ವರದಿ ಹೇಳುವ, ನಾವು ಬದಲಿಸಬಹುದಾದ 14 ಅಪಾಯದ ಅಂಶಗಳಲ್ಲಿ ಕಡಿಮೆ ಓದು, ಕಿವುಡು, ಒಂಟಿತನ ಮೂರೂ ಇವೆ. ಅಂದರೆ ಕಲಿಕೆಯೂ ಬೇಕು, ಜೊತೆಯೂ ಬೇಕು, ಕಿವಿಯ ಮಿಷಿನ್ನೂ ಬೇಕು.

ಕಲಿಕೆ, ಜೊತೆ ಎರಡೂ ಒಟ್ಟಿಗೆ ಸಿಗುವ ಜಾಗಗಳಲ್ಲಿ ನನಗೆ ತುಂಬ ಇಷ್ಟವಾದದ್ದು 1990ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿ ಶುರುವಾದ ಮೆನ್ಸ್ ಶೆಡ್. ಒಂದು ಶೆಡ್ಡು, ಒಂದಿಷ್ಟು ಮರಗೆಲಸದ ಸಾಮಾನು, ಸುತ್ತ ನಿವೃತ್ತ ಗಂಡಸರು. ಗಂಡಸರು ಎದುರುಬದುರು ಕೂತು ಕಷ್ಟಸುಖ ಹೇಳಿಕೊಳ್ಳುವುದಿಲ್ಲ, ಪಕ್ಕಪಕ್ಕ ನಿಂತು ಕೆಲಸ ಮಾಡುವಾಗ ಹೇಳಿಕೊಳ್ಳುತ್ತಾರೆ ಅನ್ನುವುದು ಇದರ ಹಿಂದಿನ ತಿಳಿವಳಿಕೆ. ಈಗ ಹೆಂಗಸರನ್ನೂ ಸೇರಿಸಿಕೊಳ್ಳುವ ಶೆಡ್‌ಗಳಿವೆ.

ನಮ್ಮ ಮಾವ ಈಗ ಹಳೆಯ ರೇಡಿಯೊ, ಫ್ಯಾನು ರಿಪೇರಿ ಮಾಡುವ ಇಂಥದ್ದೇ ಚಿಕ್ಕ ಗುಂಪಿನಲ್ಲಿದ್ದಾರೆ. ಒಂದು ದಿನ ಜ್ವರ ಬಂದು ಹೋಗಿರಲಿಲ್ಲ. ಹತ್ತೂವರೆಗೆಲ್ಲ ಫೋನ್ ಬಂತು. ಹುಷಾರಿಲ್ವಾ ಅಂತ ಕೇಳಲಿಕ್ಕಲ್ಲ, "ಸೋಲ್ಡರಿಂಗ್ ಐರನ್ ಎಲ್ಲಿಟ್ಟಿದ್ದೀರಿ ಮಾರಾಯ್ರೇ?" ಅಂತ. ಜ್ವರದಲ್ಲೂ ಅವರ ಮುಖ ಅರಳಿದ್ದನ್ನು ನೋಡಬೇಕಿತ್ತು.

ಕೊರತೆಗಳೂ ಇವೆ. ಜಾಗ ಬೇಕು, ಉಪಕರಣ ಬೇಕು, ವಿಮೆ ಬೇಕು. ಕೈ ನಡುಗುವ ಕಾಲ ಬಂದರೆ ಗರಗಸದ ಹತ್ತಿರ ಬಿಡಲಾಗದು. ಆಗ ಕೂತು ಮಾಡುವ ಕೆಲಸ, ಹೊಸಬರಿಗೆ ಹೇಳಿಕೊಡುವ ಕೆಲಸ ಇಟ್ಟಿರುವ ಗುಂಪೇ ಆದರೆ ಒಳ್ಳೆಯದು.

ನೆರೆಹೊರೆಯ ಬಳಗ, ಸಮಯದ ಬ್ಯಾಂಕು

ಕಲಿಕೆಗಿಂತ ದಿನದ ಆಸರೆ ಮುಖ್ಯ ಅನ್ನುವವರಿಗೆ ಇದು. 2000ರ ದಶಕದ ಆರಂಭದಲ್ಲಿ ಬಾಸ್ಟನ್ನಿನ ಬೀಕನ್ ಹಿಲ್‌ನಲ್ಲಿ ಕೆಲವರು, ವೃದ್ಧಾಶ್ರಮಕ್ಕೆ ಹೋಗುವ ಬದಲು ತಮ್ಮ ಮನೆಯಲ್ಲೇ ಇರಲು ಒಂದು ಸಂಘ ಕಟ್ಟಿಕೊಂಡರು. ಸದಸ್ಯತ್ವದ ಹಣ ಕಟ್ಟಿದರೆ ಆಸ್ಪತ್ರೆಗೆ ಕರೆದೊಯ್ಯುವವರು, ನಲ್ಲಿ ರಿಪೇರಿಯವರು, ವಾಕಿಂಗ್ ಗುಂಪು, ಉಪನ್ಯಾಸ ಎಲ್ಲಕ್ಕೂ ಒಂದೇ ಕಡೆ ಫೋನ್ ಮಾಡಬಹುದು. ಈ ಮಾದರಿ ಅಮೆರಿಕದ ಉದ್ದಗಲಕ್ಕೂ ಹಬ್ಬಿದೆ. ಐದು ವರ್ಷದ ಆಚೆಯ ಲೆಕ್ಕದಲ್ಲಿ ಇದಕ್ಕೆ ಪೂರ್ತಿ ಅಂಕ. ಆದರೆ ವರ್ಷ ವರ್ಷ ಹಣ ಕಟ್ಟಬಲ್ಲವರ ಬಡಾವಣೆಯಲ್ಲೇ ಇದು ಸುಲಭವಾಗಿ ಬೇರೂರುವುದು.

ಹಣದ ಬದಲು ಸಮಯ ಇರುವವರಿಗೆ ಸಮಯದ ಬ್ಯಾಂಕು. ಜಪಾನಿನ ತೆರುಕೊ ಮಿಜುಶಿಮಾ ಎಂಬ ಮಹಿಳೆ 1973ರಲ್ಲಿ ಒಸಾಕಾದಲ್ಲಿ ಇಂಥದ್ದೊಂದನ್ನು ಕಟ್ಟಿದರು. ಇವತ್ತು ನೀವು ಒಬ್ಬರಿಗೆ ಎರಡು ಗಂಟೆ ಸಹಾಯ ಮಾಡಿದರೆ ಎರಡು ಗಂಟೆ ನಿಮ್ಮ ಖಾತೆಗೆ ಜಮೆ. ಮುಂದೆ ನಿಮಗೆ ಬೇಕಾದಾಗ ತೆಗೆದುಕೊಳ್ಳಬಹುದು. ದಾಕ್ಷಿಣ್ಯದ ಭಾರ ಇಲ್ಲ. ಆದರೆ ಜಮೆ ಮಾಡಿದ ಗಂಟೆ ಇಪ್ಪತ್ತು ವರ್ಷದ ನಂತರ ಸಿಗಬೇಕಾದರೆ ಆ ಬ್ಯಾಂಕು ಅಲ್ಲಿಯವರೆಗೂ ಬದುಕಿರಬೇಕು. ಹಾಗಾಗಿ ಕೂಡಿಡುವುದಕ್ಕಿಂತ ಆಗಾಗ ಕೊಟ್ಟು ತೆಗೆದುಕೊಳ್ಳುವುದು ಜಾಣತನ.

ಚಿಕ್ಕವರ ಜೊತೆ ಇರುವ ಮಾದರಿಗಳೂ ಬೆಳೆಯುತ್ತಿವೆ. ನೆದರ್ಲೆಂಡ್ಸ್‌ನ ಡೆವೆಂಟರ್‌ನಲ್ಲಿ ಹ್ಯೂಮಾನಿಟಾಸ್ ಎಂಬ ವೃದ್ಧಾಶ್ರಮ 2012ರಿಂದ ಕಾಲೇಜು ಹುಡುಗರಿಗೆ ಬಾಡಿಗೆಯಿಲ್ಲದೆ ಕೋಣೆ ಕೊಡುತ್ತಿದೆ. ಬದಲಿಗೆ ಅವರು ತಿಂಗಳಿಗೆ 30 ಗಂಟೆ ಹಿರಿಯರ ಜೊತೆ ಒಳ್ಳೆಯ ನೆರೆಯವರಂತೆ ಇರಬೇಕು. ವೃದ್ಧಾಶ್ರಮ ಹುಡುಕುತ್ತಿದ್ದರೆ ಇಂಥ ಏರ್ಪಾಡು ಇದೆಯಾ ಎಂದು ಕೇಳಿ ನೋಡಿ.

ಹಾಗಾದರೆ ನಿಮಗೆ ಯಾವುದು

ಈಗಷ್ಟೇ ನಿವೃತ್ತರು, ಓಡಾಟಕ್ಕೆ ತೊಂದರೆ ಇಲ್ಲ, ಹಣ ಸ್ವಲ್ಪ ಬಿಗಿ ಅಂದರೆ ತಾವೇ ನಡೆಸುವ ಬಳಗ. ಹತ್ತಿರ ಇಲ್ಲದಿದ್ದರೆ ನಾಲ್ಕು ಜನ ಸೇರಿ ಮನೆಯ ಹಾಲ್‌ನಲ್ಲೇ ಶುರುಮಾಡಬಹುದು. ಓದಿನ ಹಸಿವು ನಿಜಕ್ಕೂ ಇದ್ದು ಶುಲ್ಕ ಕಟ್ಟಬಲ್ಲಿರಾದರೆ ವಿಶ್ವವಿದ್ಯಾಲಯ. ಮುಂದಿನ ಸಾಲಿನಲ್ಲಿ ಕೂರಿ, ಪಕ್ಕದವರ ಫೋನ್ ನಂಬರ್ ಮೊದಲ ದಿನವೇ ತೆಗೆದುಕೊಳ್ಳಿ. ಮಾತು ಕಡಿಮೆ, ಕೈ ಚುರುಕು ಇರುವವರಿಗೆ ಕೆಲಸದ ಶೆಡ್ಡು. ಸಂಗಾತಿಯನ್ನು ಕಳೆದುಕೊಂಡು ಒಂದು ವರ್ಷ ಆಗಿಲ್ಲ ಅನ್ನುವವರಿಗೂ ನಾನು ಇದನ್ನೇ ಹೇಳುತ್ತೇನೆ. ಅಲ್ಲಿ ಯಾರೂ ಕೂರಿಸಿಕೊಂಡು ಸಮಾಧಾನ ಹೇಳುವುದಿಲ್ಲ, ಅದೇ ಸಮಾಧಾನ. ಆರೋಗ್ಯ ಕುಗ್ಗಿದ್ದರೆ ಕೇಂದ್ರ. ಮನೆಯಿಂದ ಹೊರಡಲು ಆಗದಿದ್ದರೆ ನೇರ ಆನ್‌ಲೈನ್ ತರಗತಿ, ಜೊತೆಗೆ ವಾರಕ್ಕೊಮ್ಮೆ ಮನೆಗೆ ಬರುವ ಒಬ್ಬ ಮನುಷ್ಯ.

ಎರಡು ಹಿಡಿಯಬಹುದಾದರೆ ಒಂದು ಕಾಲು ಗಟ್ಟಿಯಿರುವ ದಿನಕ್ಕೆ, ಇನ್ನೊಂದು ಕಾಲು ಸೋತ ದಿನಕ್ಕೆ ಇರಲಿ. ಎರಡನೆಯದನ್ನು ಬೇಕಾಗುವ ಮೊದಲೇ ಶುರುಮಾಡಿ. ಸೊಂಟ ಮುರಿದ ಮೇಲೆ ಟ್ಯಾಬ್ ಕಲಿಯುವುದು ಕಷ್ಟ.

ಹಣ ಕಟ್ಟುವ ಮೊದಲು ಒಂದು ಸಲ ಸುಮ್ನೆ ಹೋಗಿ ಹಿಂದಿನ ಸಾಲಿನಲ್ಲಿ ಕೂತು ಬನ್ನಿ. ತಂದೆ ತಾಯಿಗಾಗಿ ಹುಡುಕುತ್ತಿದ್ದರೆ ಅವರನ್ನೇ ಕರೆದುಕೊಂಡು ಹೋಗಿ, ಅಭಿಪ್ರಾಯ ದಾರಿಯಲ್ಲೇ ಕೇಳಬೇಡಿ, ಎರಡು ದಿನ ಬಿಡಿ. ಅಲ್ಲಿಯವರಿಗೆ ಒಂದೇ ಪ್ರಶ್ನೆ ಸಾಕು: "ಕಳೆದ ತಿಂಗಳು ಬರುವುದನ್ನು ನಿಲ್ಲಿಸಿದವರು ಯಾರು, ಯಾಕೆ?" ಹೆಸರು, ಕಾರಣ ಎರಡೂ ಥಟ್ಟನೆ ಬಂದರೆ ಧೈರ್ಯವಾಗಿ ಸೇರಬಹುದು. ರಿಜಿಸ್ಟರ್ ತೆಗೆದು ಹುಡುಕಿದರೆ ಇನ್ನೊಂದು ಕಡೆಯೂ ನೋಡಿ. ಎಲ್ಲ ತೂಗಿದ ಮೇಲೂ ಎರಡು ಸಮಸಮ ಅನ್ನಿಸಿದರೆ, ಮನೆಗೆ ಹತ್ತಿರ ಇರುವುದನ್ನೇ ಆರಿಸಿ.